ಬಾಗಿಲು ತೆರೆದಿದೆ ಎಂದವಳೇ ಕಳ್ಳಿಯೇ?

ಪಕ್ಕದ ಮನೆಯವರು ಬೀಗ ಹಾಕಲು ಮರೆತು ಊರಿಗೆ ಹೊರಟಿದ್ದರೆ, ನೋಡಿದವರು ಓಡಿಹೋಗಿ ಹೇಳುವುದು ನಮ್ಮ ಬೀದಿಗಳ ರೂಢಿ. ಹಾಗೆ ಹೇಳಿದವರನ್ನು ‘ನಮ್ಮ ಬಾಗಿಲ ಕಡೆ ನಿಮಗೇನು ಕೆಲಸ?’ ಎಂದು ಯಾರೂ ಗದರುವುದಿಲ್ಲ. ಆದರೆ ಸರ್ಕಾರಿ ಕಚೇರಿಯ ಕಂಪ್ಯೂಟರಿನ ಬಾಗಿಲು ತೆರೆದಿದೆ ಎಂದು ಹೇಳಹೋಗಿ ನೋಡಿ, ಆಗ ನಡೆಯುವುದೇ ಬೇರೆ.

ನಮ್ಮೂರಿನ ಸ್ಥಳೀಯ ಸಂಸ್ಥೆಯಿಂದ ಮನೆ ಕಂದಾಯದ ಬಾಬ್ತು ನನ್ನ ಮೊಬೈಲಿಗೆ ಒಂದು ಲಿಂಕ್ ಬಂತು. ಒತ್ತಿದರೆ ನಮ್ಮ ಮನೆಯ ಲೆಕ್ಕವಲ್ಲ, ಯಾವುದೋ ಬೀದಿಯ ಅಪರಿಚಿತ ಹೆಂಗಸೊಬ್ಬರ ಹೆಸರು, ಮನೆ ನಂಬರು, ಫೋನ್ ನಂಬರು, ಆಧಾರ್ ಸಂಖ್ಯೆ ಎಲ್ಲವೂ ತೆರೆದುಕೊಂಡವು. ಮರುದಿನವೇ ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ. ಮೊದಲ ಮೇಜಿನವರು ಎರಡನೆಯ ಮೇಜಿಗೆ ಕಳಿಸಿದರು. ಎರಡನೆಯವರು ‘ಸಾಫ್ಟ್‌ವೇರ್ ಎಲ್ಲ ಬೆಂಗಳೂರಿನದು, ನಮಗೆ ಸಂಬಂಧವಿಲ್ಲ’ ಎಂದರು. ಮೂರನೆಯವರು ಕನ್ನಡಕದ ಮೇಲಿನಿಂದ ನೋಡಿ, ‘ಬೇರೆಯವರ ಮಾಹಿತಿ ನೀವೇಕಮ್ಮಾ ನೋಡಿದಿರಿ? ಅದು ಅಪರಾಧ, ಗೊತ್ತೇ? ಯಜಮಾನರನ್ನು ಕಳಿಸಿ’ ಎಂದರು. ಅರ್ಜಿಯ ನಕಲಿಗೆ ಸೀಲು ಹಾಕಿಕೊಡಿ ಎಂದರೆ, ಸೀಲು ಬೀರುವಿನಲ್ಲಿದೆ, ಬೀರುವಿನ ಕೀಲಿ ಸಾಹೇಬರ ಹತ್ತಿರ ಇದೆ!

ನನ್ನ ಜಗಳವೆಲ್ಲ ಈ ಸೀಲಿನದೇ.

ಕಂಪ್ಯೂಟರ್ ಜಾಲದ ಅವಘಡಗಳನ್ನು ನೋಡಿಕೊಳ್ಳಲು ಕೇಂದ್ರ ಸರ್ಕಾರದ ಸರ್ಟ್-ಇನ್ ಎಂಬ ಸಂಸ್ಥೆ 2004ರಿಂದ ಇದೆ. 2022ರ ಏಪ್ರಿಲ್ 28ರಂದು ಅದೊಂದು ಆದೇಶ ಹೊರಡಿಸಿತು. ಮಾಹಿತಿ ಸೋರಿಕೆಯಂಥದು ನಡೆದರೆ ಕಂಪನಿಗಳಷ್ಟೇ ಅಲ್ಲ, ಸರ್ಕಾರಿ ಸಂಸ್ಥೆಗಳೂ 6 ಗಂಟೆಯೊಳಗೆ ಅದಕ್ಕೆ ವರದಿ ಕೊಡಬೇಕು. ಈ 6 ಗಂಟೆ ಶುರುವಾಗುವುದು ಯಾವಾಗ? ಸಂಸ್ಥೆ ತಾನೇ ಕಂಡುಕೊಂಡಾಗ, ಇಲ್ಲವೇ ಬೇರೆಯವರು ಅದರ ಗಮನಕ್ಕೆ ತಂದಾಗ. ಅಂದರೆ ನೀವೋ ನಾನೋ ಅರ್ಜಿ ಕೊಟ್ಟ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ತಾರೀಖು, ವೇಳೆ ಬರೆದು ಸೀಲು ಒತ್ತಿಬಿಟ್ಟರೆ ನಾಳೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನುವ ಹಾಗಿಲ್ಲ. ಸೀಲು ಯಾಕೆ ಬೀರುವಿನಲ್ಲಿರುತ್ತದೆ ಎಂಬುದು ಈಗ ತಿಳಿಯಿತಲ್ಲ?

ಇನ್ನು ‘ಅಪರಾಧ’ದ ಮಾತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಲ್ಲಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇರುವುದು ನಿಜ. ಆದರೆ ಅಪ್ರಾಮಾಣಿಕತೆಯಿಂದಲೋ ವಂಚಿಸುವ ಉದ್ದೇಶದಿಂದಲೋ ಮಾಡಿದವರಿಗೆ ಎಂದು ಆ ಕಲಮೇ ಹೇಳುತ್ತದೆ. ಕಾನೂನಿಗೆ ಇರುವ ಈ ವಿವೇಕ ಕಾನೂನಿನ ಹೆಸರು ಹೇಳಿ ಹೆದರಿಸುವವರಿಗೆ ಇಲ್ಲ.

ಸಣ್ಣ ಊರಿನ ಗುಮಾಸ್ತರನ್ನು ಮಾತ್ರ ದೂರಿ ಫಲವಿಲ್ಲ. ದೊಡ್ಡವರು ಹಾಕಿಕೊಟ್ಟ ಮೇಲ್ಪಂಕ್ತಿಯೇ ಹಾಗಿದೆ. 2018ರ ಜನವರಿಯಲ್ಲಿ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ್ತಿ ರಚನಾ ಖೈರಾ, 500 ರೂಪಾಯಿ ಕೊಟ್ಟರೆ ಜನರ ಆಧಾರ್ ವಿವರಗಳು ಸಿಗುತ್ತವೆ ಎಂದು ಬರೆದರು. ಆಧಾರ್ ಪ್ರಾಧಿಕಾರದ ದೂರಿನ ಮೇಲೆ ದಾಖಲಾದ ಎಫ್‌ಐಆರ್‌ನಲ್ಲಿ ಆಕೆಯ ಹೆಸರೂ ಸೇರಿತು. ಅಮೆರಿಕದವರೇನೂ ನಮಗಿಂತ ಮೇಲಲ್ಲ. ಅಲ್ಲಿನ ಮಿಸೌರಿ ರಾಜ್ಯದ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಶಿಕ್ಷಕರ ಗುಟ್ಟಿನ ಸಂಖ್ಯೆಗಳು ಬಯಲಾಗಿದ್ದುದನ್ನು 2021ರಲ್ಲಿ ಪತ್ರಕರ್ತರೊಬ್ಬರು ಕಂಡುಹಿಡಿದರು. ಅವರ ಪತ್ರಿಕೆ ಮೊದಲು ಇಲಾಖೆಗೆ ತಿಳಿಸಿ, ದೋಷ ಸರಿಪಡಿಸುವವರೆಗೂ ಸುದ್ದಿ ತಡೆಹಿಡಿಯಿತು. ಗವರ್ನರ್ ಮೈಕ್ ಪಾರ್ಸನ್ ಕೃತಜ್ಞತೆ ಹೇಳುವುದು ಬಿಟ್ಟು ಮೊಕದ್ದಮೆಯ ಬೆದರಿಕೆ ಹಾಕಿದರು. ಮರುವರ್ಷದ ಫೆಬ್ರವರಿಯಲ್ಲಿ ಸರ್ಕಾರಿ ವಕೀಲರೇ ಮೊಕದ್ದಮೆ ಹೂಡುವುದಿಲ್ಲ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

‘ಒಂದು ಫೋನ್ ನಂಬರು ಸೋರಿದರೆ ಆಕಾಶ ಬೀಳುತ್ತದೆಯೇ?’ ಎಂದು ಕೇಳುವವರುಂಟು. ಅವರಿಗೆ ಬೀಳುವುದಿಲ್ಲ, ನಿಜ. ಕಚೇರಿಗಳ ಕಡತಗಳಲ್ಲಿ ವಿಧವಾ ವೇತನದ ಪಟ್ಟಿ ಇದೆ, ಹೆಂಗಸರ ಹೆಸರಿನಲ್ಲಿರುವ ಮನೆಗಳ ಪಟ್ಟಿ ಇದೆ. ಯಾವ ಬೀದಿಯ ಯಾವ ಮನೆಯಲ್ಲಿ ಹೆಂಗಸೊಬ್ಬಳು ಒಂಟಿಯಾಗಿದ್ದಾಳೆ, ಅವಳ ಫೋನ್ ನಂಬರು ಯಾವುದು ಎಂಬುದು ಊರ ಪೋಲಿಗಳ ಕೈಗೆ ಸಿಕ್ಕರೆ ಏನಾಗುತ್ತದೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಣದ ಮಾತೂ ಅಷ್ಟೆ. ನಮ್ಮ ಕರ್ನಾಟಕದಲ್ಲೇ 2023ರಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿಕೊಂಡು ಬ್ಯಾಂಕಿನಿಂದ ಹಣ ಎತ್ತಿದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಪಾಸ್‌ವರ್ಡ್ ಬದಲಾಯಿಸಬಹುದು, ಹೆಬ್ಬೆಟ್ಟನ್ನು ಬದಲಾಯಿಸಲಾದೀತೇ?

ಕಚೇರಿಯವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಇರುವ ಸಿಬ್ಬಂದಿ ಸಾಲದು, ಸಾಫ್ಟ್‌ವೇರ್ ಅವರು ಬರೆದದ್ದಲ್ಲ, ಸುಳ್ಳು ದೂರು ತರುವವರೂ ಇರುತ್ತಾರೆ. ಆದರೆ ದೂರು ನಿಜವೋ ಸುಳ್ಳೋ ಎಂದು ತೀರ್ಮಾನಿಸಿ ಎಂದು ಆ ಗುಮಾಸ್ತರನ್ನು ಯಾರೂ ಕೇಳುತ್ತಿಲ್ಲ. ತೆಗೆದುಕೊಳ್ಳಿ, ಸೀಲು ಹಾಕಿ, ಮೇಲಿನವರಿಗೆ ಅಂದೇ ಕಳಿಸಿ. ಇಷ್ಟಕ್ಕೆ ಕಂಪ್ಯೂಟರ್ ಪಾಂಡಿತ್ಯ ಬೇಡ.

ಸೋದರಿಯರೇ, ಇಂಥದು ನಿಮ್ಮ ಕಣ್ಣಿಗೂ ಬಿದ್ದೀತು. ಆಗ ಕುತೂಹಲಕ್ಕೆಂದು ಮತ್ತೆ ಮತ್ತೆ ಕೆದಕಬೇಡಿ, ವಾಟ್ಸಾಪ್ ಗುಂಪುಗಳಲ್ಲಿ ಹಂಚಬೇಡಿ. ಹಂಚಿದರೆ ಸೋರಿಕೆಗೆ ನಾವೂ ಕೊಳವೆ ಜೋಡಿಸಿದಂತೆ. ಕಂಡದ್ದೇನು, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಸೀಲು ಕೊಡದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಸರ್ಟ್-ಇನ್‌ಗೆ ಸಾರ್ವಜನಿಕರೂ ಇಮೇಲ್ ಮಾಡಬಹುದು. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಏನೂ ಉತ್ತರ ಬಾರದಿದ್ದರೆ ‘ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮವೇನು?’ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ; 30 ದಿನದಲ್ಲಿ ಉತ್ತರಿಸಬೇಕು.

ಮಾಹಿತಿ ಸೋರಿದರೆ ಆಯಾ ವ್ಯಕ್ತಿಗೇ ತಿಳಿಸಬೇಕೆಂದು 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ; ಈ ಕಟ್ಟಳೆ ಜಾರಿಗೆ ಬರಲು ಮತ್ತೆ 18 ತಿಂಗಳ ಗಡುವು. ಆದರೆ ಊರಿನ ಒಂದು ಕಚೇರಿ ಒಳ್ಳೆಯ ಕೆಲಸ ಮಾಡಲು ಗಡುವು ಮುಗಿಯುವವರೆಗೆ ಕಾಯಬೇಕೆಂದು ಎಲ್ಲೂ ಬರೆದಿಲ್ಲ. ಕಂದಾಯ ಕಟ್ಟಲು ಒಂದು ದಿನ ತಡವಾದರೆ ನಮ್ಮಿಂದ ಬಡ್ಡಿ ವಸೂಲು ಮಾಡಲು ಗೊತ್ತಿರುವವರಿಗೆ, ನಮ್ಮ ಅರ್ಜಿಯ ಮೇಲೆ ತಾರೀಖು ಹಾಕಲು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ.