ಮುಗಿಯುವ ಆಟ ಎಲ್ಲಿ ಹೋಯಿತು?

ತೊಂಬತ್ತರ ದಶಕದ ಶಾಲೆಗಳಲ್ಲಿ ಕಂಪ್ಯೂಟರ್ ಲ್ಯಾಬ್ ಎಂದರೆ ಹೆಚ್ಚುಕಡಿಮೆ ಗರ್ಭಗುಡಿ. ಚಪ್ಪಲಿ ಬಾಗಿಲ ಹೊರಗೆ, ಒಂದು ಯಂತ್ರದ ಮುಂದೆ ಇಬ್ಬರು ಮೂವರು ಮಕ್ಕಳು. ಮೇಷ್ಟ್ರು ಅತ್ತ ತಿರುಗಿದರೆ ಸಾಕು, ಡಾಸ್‌ನ ಕಪ್ಪು ಪರದೆಯ ಮೇಲೆ 'ಪ್ರಿನ್ಸ್' ಎಂದು ಟೈಪಾಗುತ್ತಿತ್ತು. ಆರೋ ಕೀಗಳು ಒಬ್ಬನ ಪಾಲಿಗೆ, ಶಿಫ್ಟ್ ಕೀ ಇನ್ನೊಬ್ಬನ ಪಾಲಿಗೆ. ಜೋಡಿ ತಪ್ಪಿತೋ, ರಾಜಕುಮಾರ ಮುಳ್ಳಿನ ಗುಂಡಿಗೆ.

'ಪ್ರಿನ್ಸ್ ಆಫ್ ಪರ್ಷಿಯಾ' ಆಡಿದವರು ಈಗ ನಲವತ್ತರ ಆಚೀಚೆ ಇದ್ದಾರೆ. ಕಳಚಿ ಬೀಳುವ ಹಾಸುಗಲ್ಲು, ಓಡಿದರೆ ಚುಚ್ಚಿ ನಡೆದರೆ ಬಿಟ್ಟುಬಿಡುವ ಮುಳ್ಳು, ಕುಡಿದರೆ ಶಕ್ತಿ ಕುಂದಿಸುವ ನೀಲಿ ದ್ರವ, ಇದ್ದಕ್ಕಿದ್ದಂತೆ ಎದ್ದು ನಿಲ್ಲುವ ಅಸ್ಥಿಪಂಜರ: ಯಾವುದನ್ನೂ ಅವರು ಮರೆತಿಲ್ಲ. ಅಷ್ಟು ಆಳವಾಗಿ ಅದು ನೆನಪಿನಲ್ಲಿ ಉಳಿಯಲು ಮುಖ್ಯ ಕಾರಣ, ಆ ಆಟಕ್ಕೊಂದು ಕೊನೆ ಇತ್ತು. ರಾಜಕುಮಾರಿಯನ್ನು ಬಿಡಿಸಲು ಸಿಗುತ್ತಿದ್ದುದು 60 ನಿಮಿಷ. ಸತ್ತರೆ ಆ ಹಂತವನ್ನು ಮೊದಲಿನಿಂದ ಆಡಬಹುದಿತ್ತು. ಕಳೆದ ನಿಮಿಷಗಳು ಮಾತ್ರ ವಾಪಸ್ ಬರುತ್ತಿರಲಿಲ್ಲ.

ಇದನ್ನು ರೂಪಿಸಿದವರು ಅಮೆರಿಕದ ಜೋರ್ಡನ್ ಮೆಕ್ನರ್. ಆಪಲ್-2 ಕಂಪ್ಯೂಟರಿಗೆಂದು ಬಹುಪಾಲು ಒಬ್ಬರೇ ಕೂತು ವರ್ಷಗಟ್ಟಲೆ ಬರೆದ ಆಟ 1989ರಲ್ಲಿ ಬಂತು, ಮರುವರ್ಷ ಡಾಸ್‌ಗೆ ಇಳಿಯಿತು. ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ ವಿಡಿಯೊ ತೆಗೆದ ಮೆಕ್ನರ್, ಅದರ ಒಂದೊಂದು ಚೌಕಟ್ಟನ್ನೂ ನೋಡಿಕೊಂಡು ರಾಜಕುಮಾರನನ್ನು ಬಿಡಿಸಿದರು. ಅಂಚಿಗೆ ಜೋತುಬಿದ್ದು ಮೇಲೆ ಹತ್ತುವಾಗ ಆ ಪುಟ್ಟ ಗೊಂಬೆಗೆ ನಿಜವಾದ ಮೈಭಾರ ಇದ್ದಂತೆ ಕಂಡದ್ದು ಅದಕ್ಕೇ. ಸಂಗೀತ ಅವರ ತಂದೆಯದು.

ಆಟದ ಅತ್ಯುತ್ತಮ ಗಳಿಗೆ ಹುಟ್ಟಿದ್ದು ಕೊರತೆಯಿಂದ. ಹೊಸ ಎದುರಾಳಿಯನ್ನು ಬಿಡಿಸಲು ಮೆಮೊರಿಯಲ್ಲಿ ಜಾಗವಿರಲಿಲ್ಲ. ಆಗ ಇದ್ದ ಚಿತ್ರವನ್ನೇ ಬಳಸಿ ರಾಜಕುಮಾರನ ನೆರಳನ್ನು ಎದುರಿಗೆ ತಂದು ನಿಲ್ಲಿಸಲಾಯಿತು. ನೆರಳಿಗೆ ಹೊಡೆದ ಪ್ರತಿ ಪೆಟ್ಟೂ ರಾಜಕುಮಾರನಿಗೇ ತಗಲುತ್ತದೆ, ಅದನ್ನು ಕೊಂದರೆ ತಾನೂ ಸಾಯುತ್ತಾನೆ. ಗೆಲ್ಲಬೇಕಾದರೆ ಕತ್ತಿಯನ್ನು ಒರೆಗೆ ಹಾಕಿ, ನೆರಳಿನತ್ತ ಓಡಿ ಅದರೊಳಗೆ ಒಂದಾಗಬೇಕು. ಹತ್ತು ಹನ್ನೆರಡು ವರ್ಷದ ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಂಡುಕೊಂಡು, ಪಕ್ಕದ ಬೆಂಚಿನವರಿಗೆ ಗುಟ್ಟಾಗಿ ದಾಟಿಸುತ್ತಿದ್ದರು.

ಇವತ್ತಿನ ಮಕ್ಕಳ ಮೊಬೈಲಿನಲ್ಲಿರುವ ಬಹುತೇಕ ಆಟಗಳಿಗೆ ಕೊನೆಯೇ ಇಲ್ಲ. ದಿನಕ್ಕೊಂದು ಬಹುಮಾನ, ಒಂದು ದಿನ ತಪ್ಪಿಸಿಕೊಂಡರೆ ನಷ್ಟ, ಒಂದು 'ಸೀಸನ್' ಮುಗಿಯುವಷ್ಟರಲ್ಲಿ ಇನ್ನೊಂದು. ಎದ್ದುಹೋಗದಂತೆ ಕಟ್ಟಿದ ಆಟದ ಮುಂದೆ ಮಗುವನ್ನು ಕೂರಿಸಿ, ಏಳಲಿಲ್ಲವೆಂದು ಬೈಯುವುದು ಅನ್ಯಾಯ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು 'ಶಟ್' ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಸೇರಿದೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಒಳ್ಳೆಯದೇ ಆಯಿತು. ಆದರೆ ಮಗುವಿನ ಸಂಜೆಯನ್ನು ನುಂಗುವ ಮುಗಿಯದ ಆಟಕ್ಕೆ ಅದು ಮದ್ದಲ್ಲ.

ಮುಗಿಯುವ ಆಟ ಕಟ್ಟುವವರು ಈಗಲೂ ಇದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ 'ರಾಜಿ', ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ; ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಇಂಥದ್ದನ್ನು ತಂದೆತಾಯಿ ಹುಡುಕಿಕೊಳ್ಳುವುದು ಹೇಗೆ? ಆ್ಯಪ್ ಅಂಗಡಿಗಳು ವಯಸ್ಸಿನ ಮಿತಿ ಹೇಳುತ್ತವೆ, ಒಳಗೆ ಖರೀದಿ ಇದೆಯೆಂದೂ ಹೇಳುತ್ತವೆ. ಈ ಆಟಕ್ಕೆ ಕೊನೆ ಇದೆಯೇ, ಇದ್ದರೆ ಸುಮಾರು ಎಷ್ಟು ಗಂಟೆ ಎಂಬುದನ್ನೂ ಅದೇ ಸಾಲಿನಲ್ಲಿ, ಕನ್ನಡದಲ್ಲೂ, ಹಾಕಬೇಕೆಂದು ಸರ್ಕಾರ ನಿಯಮ ಮಾಡಲಿ.