ಹಿಂಡಿದರೆ ಲೋಹವಾಗುವ ಉಪ್ಪು

ಹರಳಿನ ರೂಪದಲ್ಲಿರುವ ಲವಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ನೀರಿನಲ್ಲಿ ಕರಗಿಸಿದಾಗ ಅಥವಾ ಕಾಯಿಸಿ ದ್ರವವಾಗಿಸಿದಾಗ ಮಾತ್ರ ಹರಿಯಗೊಡುತ್ತದೆ. ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ಪೂರ್ತಿ ಅಂಕ. ಆದರೆ ಈ ನಿಯಮಕ್ಕೆ ಪಠ್ಯಪುಸ್ತಕ ಹೇಳದೆ ಬಿಟ್ಟ ಷರತ್ತೊಂದಿದೆ. ಹರಳಿನ ಮೇಲೆ ವಿಪರೀತ ಒತ್ತಡ ಇರಬಾರದು!

ಸೀಸಿಯಂ ಅಯೊಡೈಡನ್ನೇ ನೋಡಿ. ಅಡುಗೆ ಉಪ್ಪಿನ ಬಳಗಕ್ಕೆ ಸೇರಿದ, ಗಾಜಿನಂತೆ ತಿಳಿಯಾದ ಹರಳು. ಇದರಲ್ಲಿ ಸೀಸಿಯಂ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಅಯೊಡಿನ್‌ಗೆ ಒಪ್ಪಿಸಿರುತ್ತದೆ. ಎರಡರ ಹೊರಕವಚಗಳೂ ಭರ್ತಿ. ಎರಡಂತಸ್ತಿನ ಬಸ್ಸಿನಲ್ಲಿ ಕೆಳಗಡೆ ಒಂದು ಸೀಟೂ ಖಾಲಿಯಿಲ್ಲದಿದ್ದರೆ ಯಾರೂ ಅಲುಗಾಡಲಾರರಷ್ಟೆ? ಎಲೆಕ್ಟ್ರಾನ್‌ಗಳ ಸ್ಥಿತಿ ಅದೇ. ಮೇಲಂತಸ್ತಿನ ಶಕ್ತಿಪಟ್ಟಿ ಖಾಲಿಯಿದ್ದರೂ ಅಲ್ಲಿಗೇರಲು ಸುಮಾರು 6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೇರಳೆಗೇ ಶಕ್ತಿ ಹೆಚ್ಚು. ಅದಕ್ಕೂ ಇರುವುದು ಸುಮಾರು 3 ಮಾತ್ರ. ಹಾಗಾಗಿ ಬೆಳಕು ತಡೆಯಿಲ್ಲದೆ ಹಾದುಹೋಗುತ್ತದೆ. ಹರಳು ಪಾರದರ್ಶಕವಾಗಿರುವುದಕ್ಕೂ ಅವಾಹಕವಾಗಿರುವುದಕ್ಕೂ ಕಾರಣ ಒಂದೇ.

ಈ ಹರಳಿನ ಚೂರನ್ನು ಎರಡು ವಜ್ರಗಳ ಚೂಪು ತುದಿಗಳ ನಡುವೆ ಇಟ್ಟು ಹಿಂಡಿದರೆ ಅಯಾನುಗಳು ಹತ್ತಿರವಾಗುತ್ತವೆ. ನೆರೆಹೊರೆಯ ಎಲೆಕ್ಟ್ರಾನ್ ಕವಚಗಳು ಒಂದರ ಮೇಲೊಂದು ಹಾಯುತ್ತವೆ. ಶಕ್ತಿಪಟ್ಟಿಗಳು ಅಗಲವಾಗಿ ನಡುವಿನ ಅಂತರ ಕುಗ್ಗುತ್ತದೆ. ಅಂತರ 3ಕ್ಕಿಂತ ಕೆಳಗಿಳಿದಾಗ ನೇರಳೆ, ನೀಲಿ ಬೆಳಕನ್ನು ಹರಳು ಹೀರಿಕೊಂಡು ಹಳದಿಯಾಗಿ, ಮುಂದೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ವಜ್ರ ಪಾರದರ್ಶಕವಾದ್ದರಿಂದ ಈ ಬಣ್ಣಗಳನ್ನು ಸೂಕ್ಷ್ಮದರ್ಶಕದಲ್ಲೇ ನೋಡಬಹುದು.

ಕಪ್ಪಾದ ಮಾತ್ರಕ್ಕೆ ಲೋಹವಾಯಿತೆನ್ನುವಂತಿಲ್ಲ. ಸಿಲಿಕಾನ್ ಕೂಡ ಬೆಳಕನ್ನು ಹಾಯಗೊಡದು, ಆದರೆ ಅದು ಅರೆವಾಹಕ. ನಿರ್ಣಯವಾಗಬೇಕಾದರೆ ವಿದ್ಯುತ್ ರೋಧವನ್ನೇ ಅಳೆಯಬೇಕು. ಧೂಳಿನ ಕಣದಷ್ಟು ಹರಳಿಗೆ, ಅದೂ ವಜ್ರಗಳ ಬಿಗಿಹಿಡಿತದಲ್ಲಿರುವಾಗ, ವಿದ್ಯುತ್ ಸಂಪರ್ಕ ಕೊಡುವುದೆಂದರೆ ಸಾಮಾನ್ಯ ಕೆಲಸವೆ? ಮಿಖಾಯಿಲ್ ಎರೆಮೆಟ್ಸ್ ಮತ್ತು ಅವರ ಜಪಾನಿ ಸಂಗಡಿಗರು ಅದನ್ನು ಸಾಧಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. 115 ಗಿಗಾಪಾಸ್ಕಲ್‌ನಲ್ಲಿ, ಅಂದರೆ ವಾಯುಮಂಡಲದ ಒತ್ತಡದ ಸುಮಾರು 11 ಲಕ್ಷ ಪಟ್ಟಿನಲ್ಲಿ, ಈ ಲವಣ ಲೋಹವಾಗಿತ್ತು. 180 ಗಿಗಾಪಾಸ್ಕಲ್‌ಗೆ ಏರಿಸಿ, ನಿರಪೇಕ್ಷ ಶೂನ್ಯಕ್ಕಿಂತ ಸುಮಾರು 2 ಡಿಗ್ರಿ ಮೇಲಿನವರೆಗೆ ತಣಿಸಿದಾಗ ರೋಧ ಥಟ್ಟನೆ ಕುಸಿಯಿತು. ಅದು ಅತಿವಾಹಕತೆಯ ಸೂಚನೆ!

ಇನ್ನೊಂದು ಸ್ವಾರಸ್ಯವಿದೆ. ಅಯೊಡಿನ್‌ನ ತುಂಬಿದ ಪಟ್ಟಿ ಸೀಸಿಯಂನ ಖಾಲಿ ಪಟ್ಟಿಯನ್ನು ಮುಟ್ಟಿದಾಗ ಎಲೆಕ್ಟ್ರಾನ್‌ಗಳಲ್ಲಿ ಕೆಲವು ಸೀಸಿಯಂ ಕಡೆಗೆ ಹೊರಳುತ್ತವೆ. ಆದರೆ ಅವು ಸೇರುವುದು ಹಿಂದೆ ಬಿಟ್ಟುಹೋದ ಕಕ್ಷಕವನ್ನಲ್ಲ, ಡಿ ಕಕ್ಷಕವನ್ನು. ಕೊಟ್ಟ ಸಾಲ ಬೇರೆಯ ಖಾತೆಗೆ ಜಮೆಯಾದಂತೆ.

ಎಲ್ಲ ಅಯಾನಿಕ ಘನಗಳೂ ಹೀಗೆ ಮಣಿಯುವುದಿಲ್ಲ. ಭೂಮಿಯ ಮ್ಯಾಂಟಲ್‌ನ ತಳ ಸುಮಾರು 2,900 ಕಿಲೋಮೀಟರ್ ಆಳದಲ್ಲಿದೆ; ಅಲ್ಲಿನ ಒತ್ತಡ ಸುಮಾರು 136 ಗಿಗಾಪಾಸ್ಕಲ್. ಅಷ್ಟಾದರೂ ಮೆಗ್ನೀಸಿಯಂ ಆಕ್ಸೈಡ್ ಅವಾಹಕವಾಗಿಯೇ ಉಳಿಯುತ್ತದೆ. ಅದೇ ರಚನೆಯ ಕಬ್ಬಿಣದ ಆಕ್ಸೈಡ್ ಮಾತ್ರ, ಸಾಕಷ್ಟು ಬಿಸಿಯೂ ಸೇರಿದರೆ, ಸುಮಾರು 70 ಗಿಗಾಪಾಸ್ಕಲ್‌ಗೇ ಲೋಹವಾಗುತ್ತದೆ ಎಂದು 2012ರ ಪ್ರಯೋಗ ತೋರಿಸಿತು.