ನೀರನ್ನು ನೋಡಿ ಕಟ್ಟಳೆ

ಮುಂಬಯಿಯ ಮಳೆಗಾಲವನ್ನು ಬಲ್ಲ ನಮ್ಮ ವಿದ್ಯಾರ್ಥಿಮಿತ್ರರಿಗೆ ಬೀದಿಯಲ್ಲಿ ನಿಲ್ಲುವ ನೀರಿನ ವರ್ಣನೆ ಬೇಕಾಗಿಲ್ಲ. ಪುಸ್ತಕದ ಚೀಲವನ್ನು ತಲೆಯ ಮೇಲೆ ಹೊತ್ತು, ಮೊಣಕಾಲುದ್ದದ ನೀರಿನಲ್ಲಿ ಶಾಲೆಗೆ ಬಂದವರು ಅವರಲ್ಲಿ ಅನೇಕರು. ಆದರೆ ಆ ನೀರು ಏಕೆ ನಿಲ್ಲುತ್ತದೆಂದು ಕೇಳುವವರು ವಿರಳ. ಮಳೆ ಹೆಚ್ಚಾಯಿತೆಂಬುದು ಅರ್ಧ ಉತ್ತರ. ಉಳಿದರ್ಧ ನಮ್ಮ ಕಟ್ಟಳೆಗಳಲ್ಲಿದೆ ಎಂಬುದು ನಮ್ಮ ಮತ.

ಈ ನಗರದ ಹಳೆಯ ಮಳೆನೀರಿನ ಕಾಲುವೆಗಳನ್ನು ಕಟ್ಟಿದುದು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ. ಬಳಿಕ ನಗರ ಬೆಳೆಯಿತು. ಮಣ್ಣಿನ ನೆಲ ಕಾಂಕ್ರೀಟಾಯಿತು. ಮಿಠೀ ನದಿಯ ಪಾತ್ರ ಕಿರಿದಾಯಿತು. ಉಬ್ಬರದ ನೀರಿಗೆ ಎಡೆಗೊಡುತ್ತಿದ್ದ ಕಾಂಡ್ಲಾ ಗಿಡಗಳ ಜೌಗುನೆಲ ಹಲವೆಡೆ ಮಣ್ಣಿನಡಿ ಹೂತುಹೋಯಿತು. ಲೆಕ್ಕ ಮಾತ್ರ ಬದಲಾಗಲಿಲ್ಲ. ಅದನ್ನು ಇಮ್ಮಡಿಸಬೇಕೆಂದು 1993ರಲ್ಲಿಯೇ ತಜ್ಞರ ವರದಿ ಹೇಳಿತ್ತು. ಕೆಲಸ ಚುರುಕಾದುದು 2005ರ ಜುಲೈ 26ರ ತರುವಾಯ. ಅಂದು ಸಾಂತಾಕ್ರೂಜದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು, ನಗರದಲ್ಲಿ ನೂರಾರು ಜನ ಪ್ರಾಣ ತೆತ್ತರು. ಇಮ್ಮಡಿ ಕಾಲುವೆಯೂ ಅಂದಿನ ಮಳೆಯನ್ನು ಪೂರ್ತಿ ತಾಳುತ್ತಿರಲಿಲ್ಲ, ನಿಜ. ಆದರೆ 12 ವರ್ಷ ತಿಳಿದೂ ತಿದ್ದಿಕೊಳ್ಳದೆ ಕುಳಿತುದು ಮಳೆಯ ತಪ್ಪಲ್ಲ.

ಅದೇ ವರ್ಷ ಉಚ್ಚ ನ್ಯಾಯಾಲಯವು ಕಾಂಡ್ಲಾ ಕಾಡಿನ ನಾಶವನ್ನು ನಿಷೇಧಿಸಿತು. 2012ರಲ್ಲಿ ಅದರ ರಕ್ಷಣೆಗೆ ಅರಣ್ಯ ಇಲಾಖೆಯ ಪ್ರತ್ಯೇಕ ಶಾಖೆ ಹುಟ್ಟಿತು. ನಗರದ ಹಲವೆಡೆ ಮಳೆಮಾಪಕಗಳು ಬಂದವು. ಇವೆಲ್ಲ ಸ್ವಾಗತಾರ್ಹ. ಆದರೆ ಪ್ರತಿಯೊಂದು ತಿದ್ದುಪಡಿಗೂ ಒಂದೊಂದು ದುರಂತ ಬೇಕೆ?

ಹಳೆಯ ಮೈಸೂರು ಸೀಮೆಯ ಕೆರೆಯೂರುಗಳಲ್ಲಿ ನೀರುಗಂಟಿಯೆಂಬವನಿದ್ದ. ಕೆರೆಯ ನೀರಿನ ಮಟ್ಟವನ್ನು ನೋಡಿಯೇ ಅವನು ತೂಬನ್ನು ತೆರೆಯುತ್ತಿದ್ದ. ಕೆರೆ ತುಂಬಿದ ವರ್ಷದ ಸರದಿಯೇ ಬೇರೆ, ಬರಗಾಲದ ಸರದಿಯೇ ಬೇರೆ. ಕಟ್ಟಳೆಯು ನೀರನ್ನು ಅನುಸರಿಸುತ್ತಿತ್ತೇ ಹೊರತು ನೀರು ಕಟ್ಟಳೆಯನ್ನಲ್ಲ. ನದಿ, ಕಾಡು, ಕಡಲತೀರಗಳ ಆಡಳಿತಕ್ಕೂ ಈ ಬುದ್ಧಿ ಬೇಕು: ಕಾಣಬೇಕು, ಅಳೆಯಬೇಕು, ಕಲಿಯಬೇಕು, ಕಾಲಕಾಲಕ್ಕೆ ತಿದ್ದಿಕೊಳ್ಳಬೇಕು.

ಕಟ್ಟಳೆಯನ್ನು ಬದಲಿಸಲು ಬಿಟ್ಟರೆ ಬಲ್ಲಿದರು ಅದನ್ನು ತಮಗೆ ಬೇಕಾದಂತೆ ಬಾಗಿಸಿಕೊಳ್ಳುವರೆಂಬ ಆಕ್ಷೇಪವುಂಟು. ಅದನ್ನು ನಾವು ಹಗುರವೆಂದು ತಳ್ಳಿಹಾಕಲಾರೆವು. ನದಿಯ ದಂಡೆ ಕಿರಿದಾದುದು ಅಂತಹ ಬಾಗುವಿಕೆಯಿಂದಲೇ. ಆದುದರಿಂದ ಬದಲಾವಣೆಯು ಅಳತೆಯ ಆಧಾರದ ಮೇಲೆ, ಹತ್ತು ಜನರ ಮುಂದೆ, ಕಾರಣವನ್ನು ಬರೆದಿಟ್ಟು ಆಗತಕ್ಕದ್ದು. ತಗ್ಗಿನ ಚಾಳಿನಲ್ಲಿ ವಾಸಿಸುವವನ ಮಾತಿಗೂ ಅಲ್ಲಿ ಸ್ಥಾನವಿರಬೇಕು; ನೀರು ಮೊದಲು ಬರುವುದು ಅವನ ಮನೆಗೆ.

ವಿದ್ಯಾರ್ಥಿಗಳು ಇದಕ್ಕೆ ಏನು ಮಾಡಬಲ್ಲರು? ಈ ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ಮಳೆಯನ್ನು ದಿನವೂ ಅಳೆದು ಬರೆಯೋಣ. ತಮ್ಮ ಓಣಿಯಲ್ಲಿ ನೀರು ಎಷ್ಟು ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ಪ್ರತಿಯೊಬ್ಬರೂ ಗುರುತುಹಾಕಲಿ. ಹತ್ತು ವರ್ಷಗಳ ಅಂತಹ ಒಂದು ಪುಸ್ತಕವು ಅಧಿಕಾರಿಗಳ ಮುಂದೆ ಇಡಲು ಯೋಗ್ಯವಾದ ಸಾಕ್ಷ್ಯವಾದೀತು. ಮೊದಲ ಪುಟವನ್ನು ಈ ಜೂನಿನಲ್ಲಿಯೇ ಬರೆಯೋಣ.